ಎಡಗಿವಿ

ಕಾರಿನ ಆಕ್ಸಲ್ಲಿನ ತುದಿಯನ್ನು ಮರೆಪ್ಪ ಚಕ್ರದ ಹೊಸ ಹಬ್ಬಿನೊಳಗೆ ಕೂರಿಸುತ್ತಿದ್ದ ಹೊತ್ತಿಗೆ ಸರಿಯಾಗಿ, ಉಡಿ ತುಂಬುವುದಕ್ಕೆ ಅಕ್ಕಿ ಎಲ್ಲಿದೆ ಎಂದು ಮನೆಯೊಳಗಿಂದ ಯಾರೋ ಕೂಗಿ ಕೇಳಿದರು. ಅವನಿಗೆ ಕೇಳಿಸಲಿಲ್ಲ. ಕೂಗು ಬಂದದ್ದು ಎಡಗಡೆಯಿಂದ, ಅವನ ಎಡಗಿವಿ ಮದುವೆಗೆ ಮುಂಚೆಯೇ ಹೋಗಿತ್ತು. ಪಕ್ಕದಲ್ಲಿ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಮಗಳು ಅನುರಾಧಾ, "ಮಂಚದ ಕೆಳಗ, ನೀಲಿ ಡಬ್ಬ್ಯಾಗ" ಎಂದು ಉತ್ತರ ಕೊಟ್ಟಳು. ಆ ಡಬ್ಬಿಯ ಅಕ್ಕಿಯನ್ನು ನಿನ್ನೆ ಬೆಳಿಗ್ಗೆ ಆರಿಸಿಟ್ಟವಳೇ ಈಗ ಒಳಗೆ ಹಸಿರು ಸೀರೆ ಉಟ್ಟು ಮಲಗಿದ್ದಳು.

ರುಕ್ಮಿಣಿಬಾಯಿ ಹೋದದ್ದು ನಿನ್ನೆ ಸಂಜೆ. ಗಂಡನಿಗೆ ಚಹಾ ತಂದುಕೊಟ್ಟು ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವಳು ಹಾಗೆಯೇ ಗೋಡೆಗೆ ಒರಗಿದಳು. ಆಸ್ಪತ್ರೆಯಿಂದ ದೇಹ ಮನೆಗೆ ಬಂದದ್ದು ಬೆಳಿಗ್ಗೆ. ಗ್ಯಾರೇಜು ಎಂದರೆ ಬೋರ್ಡು ಗೀರ್ಡು ಇರುವಂಥದ್ದಲ್ಲ. ವಿಕ್ರೋಳಿಯ ಒಂದು ಚಾಳಿನ ಕೊನೆಯ ಒಂಟಿಕೋಣೆಯ ಖೋಲಿಯೇ ಮನೆ, ಅದಕ್ಕೆ ಅಂಟಿಕೊಂಡ ತಗಡಿನ ಚಪ್ಪರ ಗ್ಯಾರೇಜು, ಎದುರಿನ ಗಲ್ಲಿಯೇ ಕೆಲಸದ ಜಾಗ. ಆ ಗಲ್ಲಿಯ ನಟ್ಟನಡುವೆ ಮುಲುಂಡಿನ ಗಿರಾಕಿ ತಿರುಮಲೇಶರ ಕಾರು ಮುಂದಿನ ಎಡ ಚಕ್ರ ಕಳಚಿಕೊಂಡು ಜ್ಯಾಕಿನ ಮೇಲೆ ನಿಂತಿತ್ತು. ಬೇರಿಂಗು ಸವೆದು ಬಹಳ ದಿನದಿಂದ ಗುಂಯ್‌ಗುಡುತ್ತಿದ್ದ ಕಾರು ಅದು. ಚಕ್ರ, ಡಿಸ್ಕು, ಹಬ್ಬು ಎಲ್ಲ ಬಿಚ್ಚಿ ಹೊಸದನ್ನು ತಂದಿಟ್ಟುಕೊಂಡಿದ್ದಷ್ಟೆ, ಜೋಡಿಸುವ ಮೊದಲೇ ಹೀಗಾಯಿತು. ಕಾರು ಅಲ್ಲಿರುವತನಕ ಶವದ ವ್ಯಾನು ಒಳಗೆ ಬರುವಂತಿಲ್ಲ. ಬೆಳಿಗ್ಗೆ ಸ್ಟ್ರೆಚರನ್ನು ಇಬ್ಬರು ಓರೆಯಾಗಿ ಹಿಡಿದು ಹೇಗೋ ನುಸುಳಿಸಿ ತಂದಿದ್ದರು, ಈಗ ನಾಲ್ವರು ಹೆಗಲ ಮೇಲೆ ಹೊತ್ತು ದಾಟಿಸೋಣವೆಂದರೆ ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ತೆರೆದ ಗಟಾರ.

ಮರೆಪ್ಪನ ತಮ್ಮ ಶರಣು, ಆಚೆ ಗಲ್ಲಿಯ ಮೆಕ್ಯಾನಿಕ್ಕನ್ನು ಕರೆತರುತ್ತೇನೆ ಎಂದ. ಪಕ್ಕದ ಖೋಲಿಯ ಸೇವಂತಿ, ಹೆಣ ಮನೆಯಲ್ಲಿಟ್ಟುಕೊಂಡು ಗಂಡನಾದವನು ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನು ನಾನೆಲ್ಲೂ ಕಂಡಿಲ್ಲ ಎಂದಳು. ಮರೆಪ್ಪ ಇಬ್ಬರ ಮಾತನ್ನೂ ಬಲಗಿವಿ ಕೊಟ್ಟು ಕೇಳಿಸಿಕೊಂಡ.

"ಬಿಚ್ಚಿದಾಂವ ನಾ. ಜೋಡ್ಸಾಂವನೂ ನಾನೇ," ಎಂದು ಬನಿಯನ್ನಿನ ಮೇಲೆಯೇ ನೆಲಕ್ಕೆ ಮಲಗಿ ಕಾರಿನ ಕೆಳಗೆ ಕೈ ಹಾಕಿದ.

ಹೆಂಡತಿ ಹೋದ ದುಃಖದಲ್ಲಿ ಮನುಷ್ಯ ಏನು ಮಾಡಿದರೂ ನಡೆಯುತ್ತದೆ ಎಂದು ಎಲ್ಲರೂ ತಮ್ಮಷ್ಟಕ್ಕೆ ತಾವೇ ಸಮಾಧಾನ ಮಾಡಿಕೊಂಡರು.

ಅನುರಾಧಾ ಟಾರ್ಚನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದಳು. ಖೋಲಿಯ ತುಂಬ ಹೆಂಗಸರು. ಮುತ್ತೈದೆಯಾಗಿ ಹೋದವಳು ಎಂದು ಒಬ್ಬೊಬ್ಬರೇ ಬಂದು ಅರಿಶಿನ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಬಳೆ ಇಟ್ಟು ಹೋಗುತ್ತಿದ್ದರು. ಇಡುವಾಗ ಒಂದು ಒಳ್ಳೆಯ ಮಾತನ್ನೂ ಸೇರಿಸುತ್ತಿದ್ದರು. ವಿಚಿತ್ರವೆಂದರೆ ಎಲ್ಲರ ಮಾತೂ ಒಂದೇ ಆಗಿತ್ತು. ರುಕ್ಮಿಣಿಬಾಯಿಗೆ ಬಾಯಿಯೇ ಇರಲಿಲ್ಲ. ಎದುರಾಡಿದವಳಲ್ಲ, ಗೊಣಗಿದವಳಲ್ಲ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸಿದವಳಲ್ಲ.

"ನಮ್ಮಿಬ್ರ ನಡುವ ಒಂದೇ ಗ್ವಾಡಿ," ಎಂದಳು ಸೇವಂತಿ ಕಣ್ಣೊರೆಸಿಕೊಳ್ಳುತ್ತ. "ಇಷ್ಟು ವರ್ಷದಾಗ ಆ ಕಡಿಂದ ಒಂದ್ ದೊಡ್ಡ ದನಿ ಕೇಳಿಲ್ಲವ್ವಾ ನಾ."

ಬಾಗಿಲಲ್ಲಿ ನಿಂತಿದ್ದ ಶರಣು ಹೌದೆಂದು ತಲೆಯಾಡಿಸಿದ. ಮದುವೆಯಾಗಿ ಬೇರೆ ಹೋಗುವತನಕ ಇದೇ ಖೋಲಿಯಲ್ಲಿ ಅತ್ತಿಗೆಯ ಕೈಯಡುಗೆ ಉಂಡವನು. "ನಮ್ಮ ವೈನಿ ನನಗ ಒಂದ್ ದಿನ ಏ ಅಂದಿಲ್ಲ" ಎಂದು ಹೇಳಹೋಗಿ ಅತ್ತೇಬಿಟ್ಟ.

ಅನುರಾಧಾ ಮುಖಕ್ಕೆ ಸೆರಗು ಹಿಡಿದುಕೊಂಡಳು. ಅಳು ಬಂತೆಂದು ಯಾರೋ ಬೆನ್ನು ಸವರಿದರು. ಅಳು ಬಂದದ್ದು ನಿಜ, ಆದರೆ ಅದರ ಜೊತೆಯಲ್ಲೇ ತಡೆಯಲಾರದಂತೆ ನಗುವೂ ಬಂದಿತ್ತು.

*

ಲಾರಿಯ ಟೈರಿಗೆ ಗಾಳಿ ತುಂಬುವಾಗ ಅದು ಸಿಡಿದು ಮರೆಪ್ಪನ ಎಡಗಿವಿ ಹೋಯಿತು. ಯಾದಗಿರಿ ಕಡೆಯಿಂದ ಮುಂಬೈಗೆ ಬಂದ ಹೊಸತು ಅದು. ಒಂದೇ ಕಿವಿಯವನಿಗೆ ಸದ್ದು ಬಂದದ್ದು ತಿಳಿಯುತ್ತದೆ, ಯಾವ ಕಡೆಯಿಂದ ಬಂತು ಎನ್ನುವುದು ತಿಳಿಯುವುದಿಲ್ಲ. ಚಕ್ರದ ಬೇರಿಂಗು ಗುಂಯ್ ಎಂದರೆ ಎಡದ್ದೋ ಬಲದ್ದೋ ಎಂದು ಗೊತ್ತಾಗದೆ ಬಿಚ್ಚುವಂತಿಲ್ಲ. ಹಾಗಾಗಿ ಅವನು ಗಾಡಿ ಓಡಿಸಿ ನೋಡುವ ಟ್ರಾಯಲ್ಲಿಗೆ ಹೊರಟಾಗೆಲ್ಲ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಎಡಗಡೆಯ ಸೀಟಿನಲ್ಲಿ ಕೂತು ಕಿವಿಗೊಡುತ್ತಿದ್ದಳು. ಎಡಚಕ್ರವಾದರೆ ಅವನ ತೋಳನ್ನು, ಬಲಚಕ್ರವಾದರೆ ಹೆಗಲನ್ನು ಬಳೆಗೈಯಿಂದ ತಟ್ಟುತ್ತಿದ್ದಳು. ಗಲ್ಲಿಯವರು ಅವಳಿಗೆ ಮರೆಪ್ಪನ ಎಡಗಿವಿ ಎಂದೇ ಹೆಸರಿಟ್ಟಿದ್ದರು. ಅವಳು ಚಪ್ಪಲಿ ಮೆಟ್ಟಿ ಹೊರಬಿದ್ದರೆ "ಎಡಗಿವಿ ಹೊಂಟಿತು" ಎಂದು ನಗುತ್ತಿದ್ದರು. ಅವಳು ತಲೆ ಮೇಲೆ ಸೆರಗೆಳೆದುಕೊಂಡು ಸುಮ್ಮನೆ ಹೋಗುತ್ತಿದ್ದಳು.

ಬೇರೆ ಮೆಕ್ಯಾನಿಕ್ಕುಗಳಿಗೆ ಟ್ರಾಯಲ್ಲೆಂದರೆ ಚಾಳಿನ ಸುತ್ತ ಎರಡು ಸುತ್ತು. ಮರೆಪ್ಪನ ಟ್ರಾಯಲ್ಲು ಭಾಂಡುಪ್ ದಾಟಿ ಮುಲುಂಡ್ ನಾಕಾದವರೆಗೆ ಹೋಗುತ್ತಿತ್ತು. ಬಲಗಡೆಯ ಗಾಜನ್ನು ಅವನು ಪೂರ್ತಿ ಇಳಿಸಿರುತ್ತಿದ್ದ. ಬೇರಿಂಗಿನ ಸದ್ದು ಕೇಳಬೇಕಲ್ಲ ಎನ್ನುತ್ತಿದ್ದ. ಮಳೆಗಾಲದಲ್ಲಿ ಬಲದೋಳು ತೊಯ್ದು ತೊಪ್ಪೆಯಾದರೂ ಏರಿಸುತ್ತಿರಲಿಲ್ಲ. ಟ್ರಕ್ಕು, ಬಸ್ಸು, ರಿಕ್ಷಾಗಳ ಗದ್ದಲವೆಲ್ಲ ಅವನ ಕೇಳುವ ಕಿವಿಗೇ ಬಂದು ಬೀಳುತ್ತಿತ್ತು.

ಕೇಳದ ಕಿವಿಯ ಪಕ್ಕದಲ್ಲಿ ರುಕ್ಮಿಣಿಬಾಯಿ ಇರುತ್ತಿದ್ದಳು. ಕಾರು ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬೀಳುವುದೇ ತಡ, ಬಾಯಿಯೇ ಇಲ್ಲದವಳ ಬಾಯಿ ತೆರೆದುಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಸಣ್ಣ ಅನುರಾಧಾ ಎಲ್ಲ ಕೇಳುತ್ತಿದ್ದಳು. ಅತ್ತೆ ಉಪ್ಪು ಹೆಚ್ಚೆಂದು ತಟ್ಟೆ ತಳ್ಳಿದ್ದು. ಮೈದುನ ಶರಣು ಉಣ್ಣುವುದಕ್ಕೆ ಮುಂದು, ತಟ್ಟೆ ಎತ್ತುವುದಕ್ಕೆ ಹಿಂದು ಎಂಬುದು. ಸೇವಂತಿ ರಾತ್ರಿಯೆಲ್ಲ ಗೋಡೆಗೆ ಕಿವಿ ಹಚ್ಚಿ ಕೂರುತ್ತಾಳೆ, ಆ ಗೋಡೆಗೆ ಇನ್ನು ಕಿವಿಯೋಲೆ ಹಾಕಿಸುವುದೊಂದು ಬಾಕಿ ಎಂಬುದು. ಒಬ್ಬರನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಗಂಡನ ಸರದಿ. ಮನೆಯಲ್ಲಿ ಸತ್ತರೂ ಗಂಡನ ಹೆಸರೆತ್ತದ, "ರೀ" ಎನ್ನುವುದಕ್ಕೂ ನಾಚುವ ಹೆಂಗಸು ಕಾರಿನಲ್ಲಿ "ಲೇ ಮರೆಪ್ಪಾ" ಎಂದೇ ಶುರು ಮಾಡುತ್ತಿದ್ದಳು. ಮರೆಪ್ಪ ರಸ್ತೆ ನೋಡುತ್ತ ಗಾಡಿ ಓಡಿಸುತ್ತಿದ್ದ. ಮರಳಿ ಗಲ್ಲಿಗೆ ತಿರುಗುವಾಗ ಅವಳು ಅವನ ತೋಳನ್ನೋ ಹೆಗಲನ್ನೋ ತಟ್ಟಿ, ಸೆರಗು ಸರಿಮಾಡಿಕೊಂಡು, ಮುಖ ತೊಳೆದವಳಂತೆ ಹಗುರಾಗಿ ಇಳಿಯುತ್ತಿದ್ದಳು.

ಅಪ್ಪನಿಗೆ ಆ ಕಿವಿ ಕೇಳುವುದಿಲ್ಲವಲ್ಲ ಎಂದು ಅನುರಾಧಾ ಒಮ್ಮೆ ಕೇಳಿದ್ದಳು.

"ಅದಕ್ಕೇ ಹೇಳ್ತೀನಿ," ಎಂದಿದ್ದಳು ಅವ್ವ.

*

ಅನುರಾಧಾ ಖೋಲಿಯಿಂದ ಹೊರಗೆ ಬಂದಾಗ ಮರೆಪ್ಪ ಹಬ್ಬನ್ನು ಬೋಲ್ಟುಗಳಿಂದ ಬಿಗಿದು, ಡಿಸ್ಕು, ಬ್ರೇಕು ಕೂರಿಸಿ, ಆಕ್ಸಲ್ಲಿನ ದೊಡ್ಡ ನಟ್ಟನ್ನು ಕೈಯಿಂದಲೇ ತಿರುಗಿಸುತ್ತಿದ್ದ. ಮಗಳಿಗೆ ಒಳಗೆ ಕೂತು ಬ್ರೇಕ್ ಒತ್ತು ಎಂದ. ಅವಳು ಒತ್ತಿ ಹಿಡಿದಳು. ಅವನು ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಬಿಗಿದ. ಆಮೇಲೆ ಚಾಣ ಇಟ್ಟು ಸುತ್ತಿಗೆಯ ಒಂದೇ ಪೆಟ್ಟಿಗೆ ನಟ್ಟಿನ ಅಂಚನ್ನು ಆಕ್ಸಲ್ಲಿನ ಸೀಳಿನೊಳಕ್ಕೆ ಮಡಚಿದ. ಇನ್ನು ಅದು ಸಡಿಲವಾಗುವಂತಿಲ್ಲ. ಆ ಒಂದು ಪೆಟ್ಟಿಗೆ ಒಳಗಿನ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು.

ಚಕ್ರ ಹಾಕಿದ ಮೇಲೂ ಅವನು ಜ್ಯಾಕು ಇಳಿಸಲಿಲ್ಲ. ಎಡಗೈಯನ್ನು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲಿಟ್ಟು, ಬಲಗೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿಬಿಟ್ಟು, ಕಣ್ಣು ಮುಚ್ಚಿ ಕೂತ. ಅನುರಾಧಾ ಇಳಿದು ಬಂದು ಅವನ ಬಲಮಗ್ಗುಲಿಗೆ ಕೂತಳು. ಏನು ಮಾಡುತ್ತಿದ್ದೀ ಎಂದು ಕೇಳಿದಳು. ಬೇರಿಂಗು ಹೇಗೆ ಕೂತಿದೆಯೆಂದು ನೋಡುತ್ತಿದ್ದೇನೆ, ಕೆಟ್ಟಿದ್ದರೆ ಸ್ಪ್ರಿಂಗಿನಲ್ಲಿ ಕೈಗೆ ಝುಂ ಎನ್ನುತ್ತದೆ ಎಂದ.

ಅನುರಾಧಾ ಚಕ್ರ ಬಿಟ್ಟು ಅಪ್ಪನ ಮುಖ ನೋಡಿದಳು.

"ಯಾವ ಬಾಜೂದು ಕೆಟ್ಟದ ಅಂತನೂ ಹಿಂಗೇ ಗೊತ್ತಾಗ್ತದೇನು?"

"ಹೂಂ. ಎರಡೂ ಬಾಜೂ ಎತ್ತಿ ಕೈ ಇಟ್ರ ಆತು."

"ಮೊದ್ಲಿಂದನೂ ಗೊತ್ತಿತ್ತಾ?"

"ಕೆಲಸ ಕಲಿತಾಗಿಂದ."

"ಮತ್ತ ಅವ್ವಗ ಯಾಕ ಕರ್ಕೊಂಡ್ ಹೋಗ್ತಿದ್ದಿ?"

ಮರೆಪ್ಪ ಚಕ್ರವನ್ನು ಇನ್ನೊಮ್ಮೆ ತಿರುಗಿಸಿದ. ಅದು ಸದ್ದಿಲ್ಲದೆ ತಿರುಗಿ ನಿಂತಿತು.

"ಈ ಒಂದ್ ಖೋಲ್ಯಾಗ ನಮ್ಮವ್ವ, ಇಬ್ರು ತಮ್ಮಂದಿರು. ಗ್ವಾಡಿ ಆಚಿ ಸೇವಂತಿ. ಅಕೀಗಿ ಮಾತಾಡ್ಲಾಕ ಜಾಗ ಎಲ್ಲಿತ್ತು?"

ಅನುರಾಧಾ ಅಪ್ಪನ ಕೈಯನ್ನೇ ನೋಡುತ್ತ ಕೂತಳು. ಕಾರುಗಳ ಹೊಟ್ಟೆಯೊಳಗೆ ತೂರಿಸಿ ತೂರಿಸಿ ಕಪ್ಪಗಾದ ಕೈ. ಆ ದೂರದ ಟ್ರಾಯಲ್ಲುಗಳು, ಅವ್ವನ ಮಾತು ತನಗೆ ಕೇಳಿಸದಿರಲೆಂದೇ ಇಳಿಸಿದ ಗಾಜು, ತೊಯ್ದ ತೋಳು ಎಲ್ಲ ಅವಳಿಗೆ ಒಟ್ಟಿಗೇ ಅರ್ಥವಾದವು. ಅಪ್ಪ ಅವಳ ಕಡೆ ನೋಡದೆಯೇ ಕೇಳಿದ.

"ಬಾಯಿ ಆಡೂದು ಕಾಣ್ತಿತ್ತು. ನೀ ಹಿಂದ ಕುಂದರ್ತಿದ್ದಿ. ಏನಂತಿದ್ಳು?"

"ಏನೇನೋ," ಎಂದಳು ಅನುರಾಧಾ. "ಮನಿ ಮಾತು."

ಅವನು ನಂಬಿದವನಂತೆ ತಲೆಯಾಡಿಸಿ ಜ್ಯಾಕು ಇಳಿಸತೊಡಗಿದ.

*

ಏನೇನೋ ಎಂದು ಅವಳು ಜಾರಿಕೊಂಡದ್ದು ಬೈಗುಳಗಳಿಗೆ ಹೆದರಿ ಅಲ್ಲ. ಅವನ್ನು ಕೇಳಿದರೆ ಅಪ್ಪ ನಕ್ಕಾನು. ಅವಳಿಗೆ ಭಯವಿದ್ದದ್ದು ಒಂದೇ ಒಂದು ಮಾತಿನದು.

ಆಗ ಅವಳು ಶಾಲೆಗೆ ಹೋಗುತ್ತಿದ್ದ ಹುಡುಗಿ. ಭಾಂಡುಪ್ ಹತ್ತಿರ ಗಾಡಿಗಳು ನಿಂತುಬಿಟ್ಟಿದ್ದವು. ಅವ್ವ ಆ ದಿನ ಬೈಯುತ್ತಿರಲಿಲ್ಲ, ಮೆತ್ತಗೆ ಮಾತಾಡುತ್ತಿದ್ದಳು, ಅದಕ್ಕೇ ಹುಡುಗಿ ಮುಂದಕ್ಕೆ ಬಾಗಿ ಕೇಳಿದ್ದಳು. "ಲೇ ಮರೆಪ್ಪಾ, ನಮ್ಮಣ್ಣ ಕರೀಲಾಕ ಬಂದಾಗ ನಾ ಹೋಗಿಬಿಡಬೇಕಿತ್ತು. ಗಂಟು ಕಟ್ಟಿ ಇಟ್ಟಿದ್ದೆ. ಈ ಖೋಲ್ಯಾಗ ನಾ ಸತ್ತೇನೋ ಬದುಕೇನೋ ಯಾರಿಗಿ ಬೇಕಾಗಿತ್ತು." ಮುಂದೆಯೂ ಅವ್ವ ಏನೋ ಹೇಳಿದಳು. ಆದರೆ ಹುಡುಗಿಯ ಕಿವಿ ಅಲ್ಲಿಗೇ ನಿಂತುಹೋಗಿತ್ತು. ಅವ್ವ ಗಂಟು ಕಟ್ಟಿಕೊಂಡು ಹೊರಟುಹೋಗುವುದನ್ನು ನೆನೆದು ನೆನೆದು ಎಷ್ಟೋ ರಾತ್ರಿ ಅವಳ ಸೆರಗು ಹಿಡಿದುಕೊಂಡೇ ಮಲಗಿದಳು.

ಈಗ ಅದನ್ನು ಅಪ್ಪನಿಗೆ ಹೇಳುವುದು ಹೇಗೆ. ಹೇಳಿದರೆ ಉಳಿದ ಆಯುಷ್ಯವೆಲ್ಲ ಆ ಒಂದು ಮಾತನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. ಹೇಳದಿದ್ದರೆ ಅವ್ವನ ಬಾಯಲ್ಲಿದ್ದದ್ದೆಲ್ಲ ಇವತ್ತು ಅವ್ವನ ಜೊತೆ ಮಣ್ಣಿಗೆ ಹೋಗುತ್ತದೆ. ಜಗತ್ತಿನ ಪಾಲಿಗೆ ರುಕ್ಮಿಣಿಬಾಯಿ ಬಾಯಿಯೇ ಇಲ್ಲದವಳಾಗಿ ಉಳಿಯುತ್ತಾಳೆ. ಒಳ್ಳೆಯ ಹಸನಾದ ಬಾಯಿಯಿತ್ತು ಅವಳಿಗೆ.

*

ಮರೆಪ್ಪ ಕಾರನ್ನು ದೊಡ್ಡ ರಸ್ತೆಗೆ ತಂದು ನಿಲ್ಲಿಸಿದ. ವ್ಯಾನು ಹಿಂದಕ್ಕೆ ಹಿಂದಕ್ಕೆ ಬಂದು ಬಾಗಿಲಿಗೆ ಹತ್ತಿತು. ಅಳಿಯ ಅಮೋಲ್ ಸೀಮೆಎಣ್ಣೆಯ ಬಟ್ಟೆ, ಸಾಬೂನು ತಂದುಕೊಟ್ಟ. ಮರೆಪ್ಪ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು, ಒಳಗೆ ಹೋಗಿ, ಹೆಂಡತಿಯ ಹಣೆಯ ಕುಂಕುಮವನ್ನು ನೆಟ್ಟಗೆ ಮಾಡಿದ. ಉಗುರಿನ ಸಂದಿಯ ಕಪ್ಪು ಹಾಗೆಯೇ ಇತ್ತು.

ಅಷ್ಟರಲ್ಲಿ ಕಾರಿನ ಯಜಮಾನರು ತಿರುಮಲೇಶ ಬಂದರು. ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಕನ್ನಡ ಮಾತಾಡುವ ಮೆಕ್ಯಾನಿಕ್ ಸಿಕ್ಕ ಎನ್ನುವ ಒಂದೇ ಕಾರಣಕ್ಕೆ ಮುಲುಂಡಿನಿಂದ ಇಲ್ಲಿಯತನಕ ಕಾರು ತರುತ್ತಿದ್ದವರು. ಅವರ ಮಾತು ಮರೆಪ್ಪನಿಗೂ ಮರೆಪ್ಪನ ಮಾತು ಅವರಿಗೂ ಅರ್ಧ ಅರ್ಥವಾಗುತ್ತಿತ್ತು, ಅಷ್ಟಕ್ಕೇ ಇಬ್ಬರಿಗೂ ತೃಪ್ತಿ. ಇಂಥ ದಿನ ಕಾರಿನ ಕೆಲಸ ಮಾಡಿದರು ಎಂದು ತಿಳಿದು ಅವರಿಗೆ ಬಹಳ ಸಂಕೋಚವಾಯಿತು. ಅನುರಾಧಾಳ ಹತ್ತಿರ ಬಂದು ನಿಂತರು.

"ನನ್ ಕಾರಲ್ಲಿ ನಿಮ್ಮಮ್ಮ ನನಗಿಂತ ಜಾಸ್ತಿ ಓಡಾಡಿದಾರಮ್ಮ," ಎಂದರು. "ನಾಕಾ ಹತ್ರ ಒಂದ್ಸಲ ನೋಡಿದ್ದೆ. ಅವ್ರು ಕೈ ತಿರುಗಿಸ್ಕೊಂಡು ಏನೋ ಹೇಳ್ತಾ ಇದ್ರು, ಇವ್ರು ನೆಟ್ಟಗೆ ನೋಡ್ಕೊಂಡು ಓಡಿಸ್ತಾ ಇದ್ರು. ನಾನು ಕೈ ಬೀಸಿದ್ದು ಇಬ್ರಿಗೂ ಕಾಣ್ಲಿಲ್ಲ."

ಅವ್ವನ ಮಾತನ್ನು ಕಂಡ ಇನ್ನೊಬ್ಬರು ಇದ್ದಾರೆ ಎಂದು ಅನುರಾಧಾಳಿಗೆ ಹಿತವಾಯಿತು.

ಅವರಲ್ಲಿ ಹೂಳುವ ಪದ್ಧತಿ. ಘಾಟ್‌ಕೋಪರ್ ಆಚೆಯ ಸ್ಮಶಾನದಲ್ಲಿ ಊರ ಕಡೆಯವರು ಮೊದಲೇ ಹೋಗಿ ಗುಂಡಿ ತೋಡಿಸಿದ್ದರು. ಎಲ್ಲ ಬೇಗ ಮುಗಿಯಿತು. ಮೊದಲ ಹಿಡಿ ಮಣ್ಣು ಮರೆಪ್ಪ ಹಾಕಿದ, ಎರಡನೆಯದು ಅನುರಾಧಾ. ಹಸಿರು ಸೀರೆಯ ಅಂಚು ಕಾಣದಾಗುವವರೆಗೂ ಮರೆಪ್ಪ ಬಗ್ಗಿಯೇ ನಿಂತಿದ್ದ. ಶರಣು ಬಂದು ಹೆಗಲು ಹಿಡಿದು ಈಚೆಗೆ ಕರೆತಂದ.

ಕಾರನ್ನು ಅಮೋಲ್ ವ್ಯಾನಿನ ಹಿಂದೆಯೇ ಸ್ಮಶಾನಕ್ಕೆ ತಂದಿದ್ದ, ಹೊರಡುವಾಗ ತಿರುಮಲೇಶ ಅದರ ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ತಾವು ಲೋಕಲ್ ಹಿಡಿದು ಹೋಗುವುದಾಗಿಯೂ, ಮರೆಪ್ಪ ಮಗಳ ಜೊತೆ ಇದರಲ್ಲೇ ಮನೆಗೆ ಹೋಗಬೇಕೆಂದೂ ಹೇಳಿದರು. ಟ್ರಾಯಲ್ಲು ಹೇಗೂ ಬಾಕಿ ಇದೆಯಲ್ಲ ಎಂದು ಮೆಲ್ಲಗೆ ಸೇರಿಸಿದರು. ಅಮೋಲ್ ಉಳಿದವರನ್ನು ವ್ಯಾನಿಗೆ ಹತ್ತಿಸಿಕೊಂಡ.

*

ಅನುರಾಧಾ ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದವಳು, ನಿಂತು, ಮುಂದಿನದನ್ನು ತೆಗೆದು ಎಡಗಡೆಯ ಸೀಟಿನಲ್ಲಿ ಕೂತಳು. ಮರೆಪ್ಪ ಬಲಗಡೆಯ ಗಾಜು ಪೂರ್ತಿ ಇಳಿಸಿ ಕಾರು ಹೊರಡಿಸಿದ. ಸಂಜೆಯ ಗದ್ದಲವೆಲ್ಲ ಒಳಗೆ ನುಗ್ಗಿತು.

ಗುಂಯ್ ಎನ್ನುವ ಸದ್ದು ಇರಲಿಲ್ಲ. ಕಾರು ಎಣ್ಣೆ ಹಚ್ಚಿದಂತೆ ಓಡುತ್ತಿತ್ತು. ಅವಳು ಅಪ್ಪನ ಎಡಗಿವಿಯನ್ನು ನೋಡಿದಳು. ಬಿಳಿ ಕೂದಲ ನಡುವೆ ಸಣ್ಣ, ಸುಕ್ಕುಗಟ್ಟಿದ ಕಿವಿ. ಅವ್ವ ಎಷ್ಟು ವರ್ಷ ಈ ಕಿವಿಯೊಡನೆ ಸಂಸಾರ ಮಾಡಿದ್ದಳು. ಅದರ ಎದುರು ಯಾವುದನ್ನೂ ಮುಚ್ಚಿಡಬೇಕಾಗಿರಲಿಲ್ಲ. ಇಲ್ಲಿಯಾದರೆ ಹೇಳಬಹುದು ಎಂದು ಅವಳಿಗೆ ಅನಿಸಿತು. ಹೇಳಿದಂತೆಯೂ ಆಗುತ್ತದೆ, ಅಪ್ಪನಿಗೆ ನೋವೂ ಆಗುವುದಿಲ್ಲ.

"ಲೇ ಮರೆಪ್ಪಾ," ಎಂದು ಮೆಲ್ಲಗೆ ಶುರು ಮಾಡಿದಳು. ಅಪ್ಪನ ಹೆಸರು ಹಿಡಿದು ಕರೆದದ್ದಕ್ಕೆ ತಾನೇ ನಾಚಿದಳು. ಅಜ್ಜಿಯ ಉಪ್ಪಿನ ಸುದ್ದಿ ಹೇಳಿದಳು. ಶರಣು ಕಾಕಾನ ತಟ್ಟೆಯ ಸುದ್ದಿ, ಸೇವಂತಿಯ ಗೋಡೆಯ ಸುದ್ದಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ತನ್ನದೋ ಅವ್ವನದೋ ಗೊತ್ತಾಗದಂತಾಯಿತು. ಕೈಗಳೂ ಅವ್ವನ ಹಾಗೆಯೇ ತಿರುಗುತ್ತಿದ್ದವು.

ಕಿರ್ರ್ ಎಂದು ಸದ್ದಾಯಿತು. ಮರೆಪ್ಪ ಬಲಗೈಯಿಂದ ಹಿಡಿಕೆ ತಿರುಗಿಸಿ ತನ್ನ ಕಡೆಯ ಗಾಜನ್ನು ಏರಿಸುತ್ತಿದ್ದ. ಗಾಜು ಮೇಲಿನ ಅಂಚಿಗೆ ಹೋಗಿ ಕೂತಿತು. ಹೊರಗಿನ ಟ್ರಕ್ಕುಗಳು, ಬಸ್ಸುಗಳು ಎಲ್ಲ ದೂರವಾದವು. ಕಾರಿನೊಳಗೆ ಈಗ ಉಸಿರಾಡಿದರೂ ಅಪ್ಪನ ಬಲಗಿವಿಗೆ ಕೇಳಿಸುವಂತಿತ್ತು.

ಅನುರಾಧಾಳ ಮಾತು ನಿಂತಿತು.

ಮರೆಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಯಾವ ಬಾಜೂ ಸಪ್ಪಳ ಬರ್ಲತ್ತದ, ಹೇಳು," ಎಂದ.

ಸಪ್ಪಳವೇ ಇರಲಿಲ್ಲ. ಹೊಸ ಬೇರಿಂಗು. ಅವನೇ ಕೂರಿಸಿದ್ದು. ಅವಳು ತನ್ನ ಮಡಿಲಿನ ಮೇಲಿದ್ದ ಮಣ್ಣಿನ ಕೈಗಳನ್ನು ನೋಡಿದಳು. ಅಪ್ಪ ಕೇಳುತ್ತಿರುವುದು ಏನೆಂದು ಗೊತ್ತಾಯಿತು, ಇನ್ನು ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ ಎನ್ನುವುದೂ ಗೊತ್ತಾಯಿತು. ಅವ್ವ ಆಡಿದ ಹಾಗೆಯೇ ಆಡಿಬಿಟ್ಟಳು.

"ಲೇ ಮರೆಪ್ಪಾ, ನಮ್ಮಣ್ಣ ಕರೀಲಾಕ ಬಂದಾಗ ನಾ ಹೋಗಿಬಿಡಬೇಕಿತ್ತು. ಗಂಟು ಕಟ್ಟಿ ಇಟ್ಟಿದ್ದೆ. ಈ ಖೋಲ್ಯಾಗ ನಾ ಸತ್ತೇನೋ ಬದುಕೇನೋ ಯಾರಿಗಿ ಬೇಕಾಗಿತ್ತು."

ಅಪ್ಪನ ಕೈ ಸ್ಟೇರಿಂಗಿನ ಮೇಲೆ ಬಿಗಿಯಾದದ್ದು ಕಂಡಿತು. ಆದರೆ ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಬೆನ್ನಿಗೇ ಮುಂದಿನದೂ ನಾಲಗೆಗೆ ಬಂತು. ಇಷ್ಟು ವರ್ಷ ಎಲ್ಲಿತ್ತೋ, ಕೇಳಿಯೇ ಇಲ್ಲ ಎಂದುಕೊಂಡದ್ದು, ಅವ್ವನ ದನಿಯಲ್ಲಿಯೇ ಬಂತು.

"ಅವತ್ತೇ ಮಧ್ಯಾಹ್ನ ನೀ ಯಾವುದೋ ಗಾಡ್ಯಾಗ ಕುಂದ್ರಿಸ್ಕೊಂಡು ಹೋದಿ. ಯಾವ ಬಾಜೂ ಸಪ್ಪಳ ಬರ್ಲತ್ತದ ಹೇಳು ಅಂದಿ. ಈ ಊರಿಗಿ ಬಂದ ಮ್ಯಾಲ ನನಗ ಯಾರರ ಏನರ ಕೇಳಿದ್ದು ಅದೇ ಮೊದಲು ನೋಡು. ತಿರುಗಿ ಬಂದು ಗಂಟು ಬಿಚ್ಚಿದೆ."

ಮರೆಪ್ಪ ಮೂಗಿನ ಬದಿಯಿಂದ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ. ಅವನ ತೋಳಿನ ಮೇಲೆ ಅನುರಾಧಾ ಕೈ ಇಟ್ಟಳು, ಅವ್ವ ತಟ್ಟುತ್ತಿದ್ದ ಜಾಗದಲ್ಲಿ.

ವಿಕ್ರೋಳಿಯ ಸಿಗ್ನಲ್ ಬಂತು. ಮುಂದೆ ಹೋಗುತ್ತಿದ್ದ ವ್ಯಾನು ಮನೆಯ ಕಡೆಗೆ ತಿರುಗಿತು. ಮರೆಪ್ಪ ತಿರುಗಿಸಲಿಲ್ಲ. ಗಾಜು ಏರಿಸಿಕೊಂಡ ಕಾರು ನೆಟ್ಟಗೆ ಮುಲುಂಡ್ ನಾಕಾದ ಕಡೆಗೆ ಹೋಯಿತು.